ಒಂದೇ ಕ್ಯಾಕ್ಟಸ್ ಇದ್ರೆ ಕಾಯಿ, ಬೀಜ ಆಗತ್ತಾ?

ಗುಂಡಗಿನ ಕ್ಯಾಕ್ಟಸ್, ಬುಡದ ತುಂಬಾ ಮರಿ, ಸಂಜೆ ಹೊತ್ತು ಉದ್ದ ಕೊಳವೆಯ ಬಿಳಿ ಹೂ ಅರಳಿ ಮಾರನೇ ದಿನಕ್ಕೆ ಬಾಡತ್ತೆ, ಬ್ರಷ್ಷಲ್ಲಿ ಪರಾಗ ಸವರಿದ್ರೂ ಒಂದು ಕಾಯೂ ನಿಲ್ಲಲ್ಲ, ಎಲ್ಲಿ ತಪ್ತಿದೀನಿ ಅಂತ ಕೇಳಿದೀರಿ. ನೀವು ಹೇಳಿರೋದು ನೋಡಿದ್ರೆ ಎಕಿನಾಪ್ಸಿಸ್ ಇರ್ಬೇಕು, ಹಾಗಿದ್ರೆ ಬ್ರಷ್ ತಪ್ಪೇನಿಲ್ಲ ಬಿಡಿ. ಅದಕ್ಕೆ ತನ್ನ ಪರಾಗ ತನಗೇ ಆಗಲ್ಲ. ಪರಾಗ ಮೇಲೆ ಕೂತ್ರೂ ಗಿಡ ಇದು ನಂದೇ ಅಂತ ಗುರುತು ಹಿಡಿದು, ಅಂಡಾಶಯ ಮುಟ್ಟೋಕೆ ಬಿಡದೆ ಮೊದಲೇ ತಡೆದುಬಿಡತ್ತೆ. ಸಗೋತ್ರದಲ್ಲಿ ಮದ್ವೆ ಕೂಡದು ಅನ್ನೋ ಹಿರಿಯರ ಥರ.

ನನ್ನ ಹತ್ರ ಒಂದಲ್ಲ ನಾಲ್ಕು ಪಾಟ್ ಇದೆ ಅಂತ ಸುಮಾರು ಜನ ವಾದ ಮಾಡ್ತಾರೆ. ಅದೇ ತಾಯಿ ಗಿಡದ ಮರಿ ಕಿತ್ತು ನೆಟ್ಟಿದ್ರೆ ನಾಲ್ಕಲ್ಲ ನಲವತ್ತಿದ್ರೂ ಲೆಕ್ಕಕ್ಕೆ ಒಂದೇ ಗಿಡ, ಪಕ್ಕದ ಮನೆಯವ್ರು ನಿಮ್ಮಿಂದಲೇ ಮರಿ ಇಸ್ಕೊಂಡಿದ್ರೆ ಅವ್ರದ್ದೂ ಅಷ್ಟೇ. ನಮ್ಮೂರುಗಳಲ್ಲಿ ಮನೆಮನೆಗೂ ಇರೋ ಬ್ರಹ್ಮಕಮಲ ನೋಡಿ, ಮೆಕ್ಸಿಕೊ ಕಡೆಯ ಕ್ಯಾಕ್ಟಸ್ಸೇ ಅದು, ಎಲೆ ಥರ ಕಾಣೋ ಕಾಂಡ ಮುರಿದು ಒಬ್ಬರಿಗೊಬ್ಬರು ಕೊಟ್ಟು ಹಬ್ಬಿರೋದು, ಬೀದಿಗೆ ಬೀದಿಯೇ ಒಂದೇ ರಾತ್ರಿ ಅರಳಿದ್ರೂ ಕಾಯಿ ನೋಡಿದೋರು ತೀರಾ ಕಮ್ಮಿ.

ಹಾಗಂತ ಎಲ್ಲಾ ಕ್ಯಾಕ್ಟಸ್ಸೂ ಹೀಗಲ್ಲ. ಪಾಪಾಸುಕಳ್ಳಿಗೆ ಸಾಮಾನ್ಯವಾಗಿ ಇನ್ನೊಂದು ಗಿಡ ಬೇಕಾಗಲ್ಲ. ಮೆಲೊಕ್ಯಾಕ್ಟಸ್ ಒಂಟಿಯಾಗೇ ಬೀಜ ಕಟ್ಟತ್ತೆ, ತಲೆ ಮೇಲಿನ ಉಣ್ಣೆ ಟೋಪಿಯೊಳಗಿಂದ ಗುಲಾಬಿ ಕಾಯಿಗಳು ತಾವೇ ಹೊರಗೆ ತಳ್ಕೊಂಡು ಬರ್ತವೆ. ಫ್ರೈಲಿಯಾ ಅಂತೂ ಎಷ್ಟೋ ಸಲ ಹೂ ಅರಳಿಸೋದೇ ಇಲ್ಲ, ಮೊಗ್ಗಲ್ಲೇ ಎಲ್ಲಾ ಮುಗಿಸಿ ಬೀಜ ಕೊಡತ್ತೆ. ಡ್ರ್ಯಾಗನ್ ಫ್ರೂಟಲ್ಲಿ ಬಿಳಿ ತಿರುಳಿನದು ಸಾಮಾನ್ಯವಾಗಿ ತನ್ನ ಪರಾಗಕ್ಕೇ ಕಾಯಿ ಹಿಡಿಯತ್ತೆ, ಕೆಂಪು ತಿರುಳಿನ ಸುಮಾರು ತಳಿಗಳಿಗೆ ಬೇರೆ ತಳಿ ಪರಾಗ ಬೇಕು, ಅದಕ್ಕೇ ತೋಟದವ್ರು ಎರಡು ತಳಿ ಬೆರೆಸಿ ಹಾಕ್ತಾರೆ, ರಾತ್ರಿ ಟಾರ್ಚ್ ಹಿಡ್ಕೊಂಡು ಕೈಯಾರೆ ಪರಾಗ ಹಚ್ಚೋರೂ ಇದಾರೆ. ಆಸ್ಟ್ರೊಫೈಟಮ್‌ಗೂ ಎರಡು ಗಿಡ ಇಲ್ದೆ ಆಗಲ್ಲ.

ನಿಮ್ಗೆ ಬೇಕಿರೋದು ಬೀಜದಿಂದ ಬೆಳೆದ ಇನ್ನೊಂದು ಎಕಿನಾಪ್ಸಿಸ್. ಬಣ್ಣದ ಹೂವಿನ ಹೈಬ್ರಿಡ್ ಆದ್ರೂ ನಡೆಯತ್ತೆ, ಬೀಜದಿಂದ ಹುಟ್ಟೋ ಸಸಿಗಳು ತಾಯಿ ಥರಾನೇ ಬರ್ಲಿ ಅಂತ ಆಸೆ ಇಟ್ಕೋಬೇಡಿ ಅಷ್ಟೇ. ಹೂ ಅರಳಿದ ರಾತ್ರಿ ಅಥವಾ ಬೆಳಗ್ಗೆ ಬೇಗ ಕೆಲಸ ಮುಗಿಸಿ. ಒಳಗೆ ಬಗ್ಗಿ ನೋಡಿದ್ರೆ ಕೇಸರ ಎರಡು ಗುಂಪಲ್ಲಿರತ್ತೆ, ಒಂದು ಬಾಯಿ ಸುತ್ತ ಬಳೆ ಥರ, ಇನ್ನೊಂದು ಕೊಳವೆ ಒಳಗೆ, ನಡುವೆ ತಿಳಿಹಸಿರು ಬೆರಳುಗಳು ಬಿಚ್ಚಿಕೊಂಡಿರೋದೇ ಸ್ಟಿಗ್ಮಾ, ಪರಾಗ ಅಲ್ಲಿಗೆ ಹಚ್ಬೇಕು. ಎರಡೂ ಗಿಡ ಒಟ್ಟಿಗೆ ಹೂ ಬಿಡ್ಲಿಲ್ಲ ಅಂದ್ರೆ ಮೊದಲು ಅರಳಿದ್ದರ ಕೇಸರ ಕತ್ತರಿಸಿ, ಚೆನ್ನಾಗಿ ಒಣಗಿಸಿ, ಪೇಪರಲ್ಲಿ ಮಡಚಿ ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿ ಫ್ರಿಡ್ಜಲ್ಲಿಡಿ, ಕೆಲವು ವಾರ ತಡೆಯತ್ತೆ.

ಕಾಯಿ ಕಟ್ಟದ ಹೂ ಬುಡದ ಸಮೇತ ಒಣಗಿ ಉದುರತ್ತೆ. ಕಟ್ಟಿದ್ರೆ ಕೊಳವೆ ಒಣಗಿ ಜೋತಾಡ್ತಿದ್ರೂ ಬುಡದ ರೋಮರೋಮದ ಗಂಟು ಹಸಿರಾಗೇ ಉಳಿದು ದಪ್ಪ ಆಗ್ತಾ ಹೋಗತ್ತೆ, ಆಗ ಒಣಗಿದ ಹೂವನ್ನ ಕಿತ್ತು ಎಳೀಬೇಡಿ. ಒಂದೆರಡು ತಿಂಗಳಲ್ಲಿ ಕಾಯಿ ಪಕ್ಕದಲ್ಲಿ ಬಿರಿದು ಬಿಳಿ ತಿರುಳು, ಅದರಲ್ಲಿ ಕಪ್ಪು ಬೀಜ ಕಾಣತ್ತೆ. ಬಿರುಕು ಕಂಡ ದಿನವೇ ತೆಗೀರಿ, ಇಲ್ಲಾಂದ್ರೆ ಇರುವೆ ಪಾಲು. ತಿರುಳು ಹೋಗೋ ಹಂಗೆ ಚಹಾ ಸೋಸೋ ಜರಡೀಲಿ ತೊಳೆದು, ನೆರಳಲ್ಲಿ ಒಣಗಿಸಿ ಬಿತ್ತಿ. ಇನ್ನೊಂದು ಗಿಡ ಸಿಗೋವರೆಗೆ ಗಿಡ ಬೆಳೆಸೋ ಪರಿಚಯದವ್ರಿಗೆ ನಿಮ್ಮ ಮರಿ ಒಂದು ಕೊಟ್ಟು, ಬದಲಿಗೆ ಅವ್ರ ಎಕಿನಾಪ್ಸಿಸ್ ಪರಾಗ ಕೇಳಿ ನೋಡಿ, ಅವ್ರ ಗಿಡದ ಮೂಲ ಎಲ್ಲಿದು ಅಂತ ಮೊದಲೇ ವಿಚಾರಿಸ್ಕೊಳ್ಳಿ.