ಫ್ಲೆಕ್ಸ್ ಮೇಲಿನ 95% ನಂಬಬಹುದಾ?

ಸರ್, ವಿಜಯಪುರದ ಪಿಯು ಕಾಲೇಜೊಂದು ‘ನಮ್ಮ 95% ಮಕ್ಕಳು ಡಿಗ್ರಿಗೆ ಸೇರಿದ್ದಾರೆ’ ಅಂತ ಫ್ಲೆಕ್ಸ್ ಹಾಕಿದ್ದನ್ನು ನಂಬಬಹುದಾ ಅಂತ ಕೇಳಿದ್ದೀರಿ. ಸುಮ್ನೆ ನಂಬಬೇಡಿ.

ನನ್ನ ಮಗನ ಕಾಲೇಜಿನಿಂದ ಜೂನ್‌ನಲ್ಲಿ ಫೋನ್ ಬಂತು. ‘ಮುಂದೆ ಏನು?’ ಅಂದರು. ‘ಎಂಜಿನಿಯರಿಂಗ್’ ಅಂದೆ. ಫೋಟೋ ಫ್ಲೆಕ್ಸ್ ಮೇಲೆ ಬಂತು. ಆದರೆ ಬೇಕಾದ ಸೀಟು ಸಿಗದೆ ಅವನು ಆ ವರ್ಷ ಮನೆಯಲ್ಲೇ ಉಳಿದ. ಮತ್ತೆ ಯಾರೂ ಕೇಳಲಿಲ್ಲ. ಆ ಫ್ಲೆಕ್ಸ್ ಇದ್ದ ದಾರಿಯಲ್ಲಿ ಹೋಗೋದನ್ನೇ ಬಿಟ್ಟಿದ್ದ. ನನಗೆ ಇವತ್ತಿಗೂ ಅದು ನೋವು.

ಸಿಇಟಿ ರ‍್ಯಾಂಕ್ ಬಂದರೆ ಸೀಟು ಸಿಕ್ಕಂತಲ್ಲ, ಸೀಟು ಸಿಕ್ಕರೆ ಸೇರಿದಂತಲ್ಲ. ಫಸ್ಟ್ ಪಿಯುಗೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಎಷ್ಟು ಜನ ಡಿಗ್ರಿಗೆ ಫೀ ಕಟ್ಟಿದ್ದಾರೆ ಅಂತ ಕೇಳಿ. ನಡುವೆ ಟಿಸಿ ತಗೊಂಡವರು, ಫೇಲಾದವರು ಆ 95ರ ಲೆಕ್ಕದಲ್ಲಿ ಇದ್ದಾರಾ ಅಂತಲೂ ಕೇಳಿ. ಹೋದ ವರ್ಷದ ಒಂದಿಬ್ಬರು ಪಾಲಕರನ್ನೂ ಮಾತಾಡಿಸಿ.