ದೀಪಾವಳಿ ರಾತ್ರಿ 20 ಜನರ ಊಟ: ಪದಾರ್ಥ ಬಿಡಬೇಡಿ

ಪಾಡ್ಯದ ರಾತ್ರಿ 20 ಜನ, ಕೈಯಲ್ಲಿ 2,500 ರೂಪಾಯಿ, ಯಾವ ಪದಾರ್ಥ ಬಿಡಲಿ ಅಂತ ಕೇಳಿದ್ದೀರಿ. ಯಾವುದನ್ನೂ ಬಿಡಬೇಡಿ. ಉಡುಪಿಯ ಬಾಡಿಗೆ ಮನೆಯಲ್ಲಿ ಒಂದು ವರ್ಷ ನಾನೂ ಇಷ್ಟೇ ದುಡ್ಡು ಹಿಡಿದು ಇಷ್ಟೇ ಜನಕ್ಕೆ ಎಲೆ ಹಾಕಿದ್ದೆ. ನಷ್ಟವಾದದ್ದು ಪದಾರ್ಥ ಜಾಸ್ತಿಯಾಗಿ ಅಲ್ಲ, ಕೊದ್ದೆಲ್ (ತೆಂಗಿನಕಾಯಿ ಮಸಾಲೆ ರುಬ್ಬಿ ಹಾಕುವ ನಮ್ಮ ಕಡೆಯ ಹುಳಿ) ಹಳಸಿ.

ಬೆಳಿಗ್ಗೆ 10ಕ್ಕೇ ಸೌತೆಕಾಯಿ ಕೊದ್ದೆಲಿಗೆ ತೆಂಗಿನಕಾಯಿ ಮಸಾಲೆ ಹಾಕಿ ಕುದಿಸಿ, ಬಿಸಿಯಿರುವಾಗಲೇ ಮುಚ್ಚಳ ಬಿಗಿದಿಟ್ಟೆ. ರಾತ್ರಿ 8ಕ್ಕೆ ತೆರೆದರೆ ಮೇಲೆಲ್ಲ ಸಣ್ಣ ಗುಳ್ಳೆ, ಸೌಟು ಎತ್ತಿದರೆ ನೂಲಿನಂತೆ ಎಳೆ. ಪೂರ್ತಿ ಚೆಲ್ಲಬೇಕಾಯಿತು. ದೊಡ್ಡ ಪಾತ್ರೆ ಬೇಗ ಆರುವುದಿಲ್ಲ. ನಮ್ಮ ಸೆಕೆಯಲ್ಲಿ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ, ಮುಚ್ಚಳದ ಬೆವರು ಹನಿಹನಿಯಾಗಿ ಒಳಗೇ ಬೀಳುತ್ತದೆ. ಬೇಳೆ, ತೆಂಗಿನಕಾಯಿ ಕೂಡಿದ ಪದಾರ್ಥ ಕೆಡಲು ಇಷ್ಟು ಸಾಕು. ಹುಣಸೆಹುಳಿ ಇದೆಯಲ್ಲ, ತಡೆಯುತ್ತದೆ ಅಂದುಕೊಳ್ಳಬೇಡಿ.

ಹೀಗೆ ಮಾಡಿ. 2 ಕಿಲೋ ಮಂಗಳೂರು ಸೌತೆಯನ್ನು ಸಿಪ್ಪೆ ಸಮೇತ ಹೆಚ್ಚಿ. ಒಂದೊಂದು ಕಾಯಿಯಿಂದಲೂ ಚೂರು ಬಾಯಿಗೆ ಹಾಕಿ ನೋಡಿ, ಒಂದು ಕಹಿಯಿದ್ದರೆ ಇಡೀ ಪಾತ್ರೆ ಹಾಳು. 2 ತೆಂಗಿನಕಾಯಿಯ ಮಸಾಲೆ ಮಧ್ಯಾಹ್ನ ತಣ್ಣೀರಲ್ಲಿ ರುಬ್ಬಿ ಫ್ರಿಜ್ಜಿನಲ್ಲಿಡಿ. ಸಂಜೆ 6ಕ್ಕೆ 400 ಗ್ರಾಂ ತೊಗರಿಬೇಳೆ, ಸೌತೆ ಬೇಯಿಸಿ. ಏಳೂವರೆಗೆ ಮಸಾಲೆ ಕೂಡಿಸಿ, ಪಾತ್ರೆಯ ನಡುವಿನಲ್ಲೂ ಗುಳ್ಳೆ ಎದ್ದ ಮೇಲೆ ಇನ್ನೂ 5 ನಿಮಿಷ ಕುದಿಸಿ. ಬದಿಯ ಕುದಿ ನೋಡಿ ಒಲೆ ಆರಿಸಬೇಡಿ.

ಇನ್ನು ಪದಾರ್ಥದ ಲೆಕ್ಕ. ಎಲೆ ತುಂಬಿ ಕಾಣುವುದು ಬಗೆಯಿಂದ, ರಾಶಿಯಿಂದ ಅಲ್ಲ. ಒಂದೇ ಪಲ್ಯ ಒಂದೂವರೆ ಕಿಲೋ ಮಾಡುವ ಬದಲು ಅಲಸಂಡೆ ಮುಕ್ಕಾಲು ಕಿಲೋ, ಸಿಹಿಗುಂಬಳ ಮುಕ್ಕಾಲು ಕಿಲೋ ಮಾಡಿ; ಖರ್ಚು ಹೆಚ್ಚುಕಡಿಮೆ ಅಷ್ಟೇ. ಕೋಸಂಬರಿಗೆ 200 ಗ್ರಾಂ ಹೆಸರುಬೇಳೆ ಧಾರಾಳ. ಬೆಳ್ತಿಗೆ ಅಕ್ಕಿ, ಅಂದರೆ ಬಿಳಿ ಅಕ್ಕಿ, ಎರಡೂಕಾಲು ಕಿಲೋ. ಸಾರು 4 ಲೀಟರ್ ಇರಲಿ, ಅದಕ್ಕೆ ಹುಳಿ, ಒಗ್ಗರಣೆ ಚೆನ್ನಾಗಿ ಬೀಳಲಿ. ಮೊದಲ ಅನ್ನ ಹೋಗುವುದೇ ಸಾರಿನಲ್ಲಿ.

ಬಿಡುವುದಾದರೆ ಪನೀರು, ಗೋಡಂಬಿ, ಅಂಗಡಿಯ ಸ್ವೀಟ್ ಬಾಕ್ಸ್ ಬಿಡಿ. ಹೆಸರುಬೇಳೆ ಪಾಯಸವನ್ನು ಖಂಡಿತ ಬಿಡಬೇಡಿ: ಬೇಳೆ 400 ಗ್ರಾಂ, ಬೆಲ್ಲ 700 ಗ್ರಾಂ, 3 ತೆಂಗಿನಕಾಯಿ. ಬೇಳೆಯನ್ನು ತೆಂಗಿನಕಾಯಿಯಿಂದ ಎರಡನೇ, ಮೂರನೇ ಸಲ ಹಿಂಡಿದ ತೆಳು ಹಾಲಿನಲ್ಲಿ ಬೆರಳಿಗೆ ನುರಿಯುವಷ್ಟು ಬೇಯಿಸಿ, ಆಮೇಲೆಯೇ ಬೆಲ್ಲ. ಮೊದಲೇ ಬೆಲ್ಲ ಬಿದ್ದರೆ ಬೇಳೆ ಮತ್ತೆ ಬೇಯುವುದಿಲ್ಲ. ಬೆಲ್ಲವನ್ನು ಕರಗಿಸಿ ಸೋಸಿಯೇ ಹಾಕಿ, ತಳದಲ್ಲಿ ಮರಳಿರುತ್ತದೆ. ಮೊದಲ ಸಲ ಹಿಂಡಿದ ದಪ್ಪ ಹಾಲು ಒಲೆ ಆರಿಸಿದ ಮೇಲೆ. ಕುದಿಯುವಾಗ ಹಾಕಿದರೆ ಒಡೆದು ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ.