ಒಳತುಟಿ ಹೊರಗೆ ಕಾಣಿಸುವುದು ಸಹಜವೇ? ಇದು ಯಾವ ‘ವಿಧ’?

ಗುಪ್ತಾಂಗದ ಒಳತುಟಿಗಳು ಹೊರಗೆ ಕಾಣಿಸುತ್ತವೆ, ಒಂದು ಇನ್ನೊಂದಕ್ಕಿಂತ ಉದ್ದ, ಬಣ್ಣವೂ ಕಪ್ಪು, ಇದು ಯಾವ ವಿಧ ಅಂತ ಕೇಳಿದ್ದೀರಿ. ಮೂರೂ ಸಹಜ. ಇಪ್ಪತ್ತಾರನೇ ವಯಸ್ಸಿನಲ್ಲಿ ಇದೇ ಚಿಂತೆಯಲ್ಲಿ ನಾನೂ ತಿಂಗಳುಗಟ್ಟಲೆ ಒಳಗೊಳಗೇ ಕೊರಗಿದ್ದೆ, ಯಾರನ್ನಾದರೂ ಕೇಳುವ ಧೈರ್ಯವೇ ಇರಲಿಲ್ಲ.

ಮೊದಲು ಹೆಸರುಗಳು. ಹೊರಗೆ ಕಾಣಿಸುವುದು ಯೋನಿ ಅಲ್ಲ, ಯೋನಿ ಅಂದರೆ ಒಳಗಿನ ದಾರಿ. ಹೊರಭಾಗಕ್ಕೆ ಡಾಕ್ಟರುಗಳು ವಲ್ವಾ ಅನ್ನುತ್ತಾರೆ. ಕೂದಲು ಬೆಳೆಯುವ ದಪ್ಪ ಮಡಿಕೆ ಹೊರತುಟಿ, ಅದರೊಳಗಿನ ಕೂದಲಿಲ್ಲದ ತೆಳು ಮಡಿಕೆ ಒಳತುಟಿ, ಎರಡೂ ಒಳತುಟಿಗಳು ಮುಂದೆ ಸೇರುವ ಕಡೆ ಚಂದ್ರನಾಡಿ (ಕ್ಲಿಟೋರಿಸ್), ಅದರ ಮೇಲೊಂದು ಚರ್ಮದ ಮುಸುಕು.

ಇನ್ನು ವಿಧದ ಮಾತು. ಹೂವು, ಚಿಟ್ಟೆ ಅಂತೆಲ್ಲ ಹೆಸರಿಟ್ಟು ಇಂಟರ್ನೆಟ್‌ನಲ್ಲಿ ಚಿತ್ರ ಹಾಕುತ್ತಾರಲ್ಲ, ಅದು ವೈದ್ಯಕೀಯ ವಿಂಗಡಣೆ ಅಲ್ಲ, ದಯವಿಟ್ಟು ಅದರಲ್ಲಿ ನಿಮ್ಮನ್ನು ಹುಡುಕಬೇಡಿ. ಸರ್ಜನ್‌ಗಳು ಸೆಂಟಿಮೀಟರ್ ಲೆಕ್ಕದಲ್ಲಿ ದರ್ಜೆ ಮಾಡಿದ್ದಾರೆ ನಿಜ, ಆದರೆ ಅದು ಆಪರೇಷನ್ ಯೋಚಿಸುವಾಗಿನ ಅನುಕೂಲಕ್ಕೆ. ಎಷ್ಟು ಅಗಲ ದಾಟಿದರೆ ‘ದೊಡ್ಡದು’ ಅನ್ನುವುದರಲ್ಲಿ ಅವರಲ್ಲೇ ಒಮ್ಮತ ಇಲ್ಲ.

ನನಗೆ ನಿಜವಾಗಿ ಸಮಾಧಾನ ಕೊಟ್ಟದ್ದು ಅಳತೆಗಳು. ಲಂಡನ್ನಿನಲ್ಲಿ 50 ಹೆಂಗಸರನ್ನು ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಳತುಟಿಯ ಉದ್ದ 2ರಿಂದ 10 ಸೆಂ.ಮೀ., ಅಗಲ 0.7ರಿಂದ 5 ಸೆಂ.ಮೀ. ಇತ್ತು. ಬರೀ 50 ಜನರಲ್ಲೇ ಅಗಲದಲ್ಲಿ ಏಳು ಪಟ್ಟು ವ್ಯತ್ಯಾಸ! ಹೆಚ್ಚಿನವರಿಗೆ ಅಲ್ಲಿನ ಚರ್ಮ ಸುತ್ತಲಿನದಕ್ಕಿಂತ ಕಪ್ಪಾಗಿಯೇ ಇತ್ತು. ಆಮೇಲೆ 2018ರಲ್ಲಿ ಸ್ವಿಟ್ಜರ್ಲೆಂಡಿನಿಂದ 657 ಜನರ ಅಳತೆ ಬಂತು, ಅಲ್ಲೂ ಇದೇ ಕತೆ. ಹೀಗಿರುವಾಗ ಎಲ್ಲಿ ಅಂತ ಗೆರೆ ಎಳೆಯುವುದು, ಅಲ್ವಾ?

ಬಣ್ಣ ಕಪ್ಪಾಗುವುದು ಹಾರ್ಮೋನುಗಳಿಂದ. ಕೊಳೆಯಿಂದಲ್ಲ, ಸಂಭೋಗ ಜಾಸ್ತಿಯಾಗಿಯೂ ಅಲ್ಲ. ಆ ಮಾತು ಹೇಳಿ ಹೆಂಗಸರನ್ನು ನೋಯಿಸುವವರನ್ನು ಕಂಡರೆ ನನಗೆ ತುಂಬಾ ಸಿಟ್ಟು ಬರುತ್ತದೆ. ಬಸಿರಿನಲ್ಲಿ ಬಣ್ಣ ಇನ್ನೂ ಗಾಢವಾಗಬಹುದು, ಮುಟ್ಟು ನಿಂತ ಮೇಲೆ ತುಟಿಗಳು ತೆಳುವಾಗುತ್ತವೆ.

ಡಾಕ್ಟರಿಗೆ ತೋರಿಸಬೇಕಾದದ್ದು ಬೇರೆ: ಬಿಡದ ತುರಿಕೆ, ಬಿಳಿ ಮಚ್ಚೆ, ಮಾಯದ ಹುಣ್ಣು, ಹೊಸ ಗಂಟು, ಅಥವಾ ನಡೆಯುವಾಗ, ಸೈಕಲ್ ತುಳಿಯುವಾಗ ಉಜ್ಜಿ ನೋವಾಗುವುದು. ಹಾಗೇನಾದರೂ ಇದ್ದರೆ ಸುಮ್ನೆ ‘ಅಲ್ಲಿ ತೊಂದರೆ’ ಅನ್ನಬೇಡಿ. ‘ಎಡಗಡೆಯ ಒಳತುಟಿಯಲ್ಲಿ, ಎರಡು ವಾರದಿಂದ’ ಅಂತ ಹೇಳಿ, ಅವರಿಗೆ ತಕ್ಷಣ ಗೊತ್ತಾಗುತ್ತದೆ.